ಹೊಳಪು ಬೇರೆ, ನುಣುಪು ಬೇರೆ

ಹೆಂಗಸರು ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಯಜಮಾನರು ಬರಲಿಲ್ಲವೇ?’ ಎಂಬುದು. ಸೀರೆ ಅಂಗಡಿಗೆ ಬಂದ ಗಂಡಸರನ್ನು ಯಾರೂ ಹೀಗೆ ಕೇಳುವುದಿಲ್ಲ. ಕುರ್ಚಿ ಹಾಕಿ, ಚಾ ತರಿಸಿ ಕೂರಿಸುತ್ತಾರೆ. ಮೊಳೆ, ತಿರುಪು, ಬೋಲ್ಟು, ನಟ್ಟು ಇವೆಲ್ಲ ಗಂಡಸರ ರಾಜ್ಯವೆಂದು ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆದರೆ ದಿನ ಬೆಳಗಾದರೆ ತಿರುಪಿನೊಡನೆ ಗುದ್ದಾಡುವವರು ಯಾರು? ಕುಕ್ಕರಿನ ಹಿಡಿ ಸಡಿಲಾದರೆ ಚಾಕುವಿನ ತುದಿಯಿಂದ ಬಿಗಿಯುವವರು ನಾವು. ಕಾಯಿ ತುರಿಯುವ ಯಂತ್ರವನ್ನು ಕಟ್ಟೆಯ ಅಂಚಿಗೆ ಕಚ್ಚಿಸುವವರು ನಾವು. ಚಕ್ಕುಲಿ ಒರಳಿನ ಕಿವಿ ತಿರುಗಿಸಿ ತಿರುಗಿಸಿ ಅಂಗೈ ಕೆಂಪು ಮಾಡಿಕೊಳ್ಳುವವರೂ ನಾವೇ. ಇವೆಲ್ಲದರ ಮೇಲೆ, ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿ ಮೂರು ಕಾಲಿನ ಮೇಲೆ ನಿಂತಿರುತ್ತದಲ್ಲ ಶ್ಯಾವಿಗೆ ಒರಳು, ಅದರ ನಡುವೆ ಇರುವ ಮೊಳಕೈಯುದ್ದದ ತಿರುಪು! ಮನೆಯೊಳಗಿನ ತಿರುಪುಗಳಲ್ಲೆಲ್ಲ ಅದೇ ಹಿರಿಯದು, ಅದೇ ಹಟಮಾರಿ.

ತಿರುಪುಗಳಲ್ಲಿ ಎರಡು ಜಾತಿ ಎಂಬುದು ನನಗೆ ತಿಳಿದದ್ದು ತೀರ ಈಚೆಗೆ. ಒಂದು ಬಿಗಿಯುವ ತಿರುಪು, ಇನ್ನೊಂದು ಒತ್ತುವ ತಿರುಪು. ಬಾಗಿಲ ಕೀಲಿಗೆ, ಮಾಡಿನ ತಗಡಿಗೆ ಹಾಕುವುದು ಬಿಗಿಯುವ ಜಾತಿ. ಅದರ ಹಲ್ಲುಗಳು ಚೂಪು. ತಿಕ್ಕಾಟವೇ ಅದರ ಬಲ. ತಿಕ್ಕಾಟ ಇಲ್ಲದಿದ್ದರೆ ಗಾಳಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒತ್ತುವ ತಿರುಪಿಗೆ ತಿಕ್ಕಾಟವೇ ಶತ್ರು. ಅದರ ಹಲ್ಲು ಚೌಕ. ಒಳ್ಳೆಯ ಶ್ಯಾವಿಗೆ ಒರಳಿನ ತಿರುಪನ್ನು ಬೆಳಕಿಗೆ ಹಿಡಿದು ಅಡ್ಡಲಾಗಿ ನೋಡಿ, ಕೋಟೆಯ ತೆನೆಯ ಹಾಗೆ ಕಾಣುತ್ತದೆ.

ಈ ಚೌಕ ಹಲ್ಲಿನ ಮಹಿಮೆಯನ್ನು ಲೆಕ್ಕದಲ್ಲಿ ಹೇಳುತ್ತೇನೆ. ಹೆದರಬೇಡಿ, ಸಣ್ಣ ಲೆಕ್ಕ. ಒರಳಿನ ಹಿಡಿ ನಡುವಿನಿಂದ 15 ಸೆಂಟಿಮೀಟರ್ ಚಾಚಿದೆ ಎನ್ನಿ. ನಮ್ಮ ಕೈ ಒಂದು ಸುತ್ತು ಬಂದರೆ 94 ಸೆಂಟಿಮೀಟರ್ ದಾರಿ ನಡೆದಂತಾಯಿತು. ಅಷ್ಟರಲ್ಲಿ ತಿರುಪು ಇಳಿದದ್ದು ಬರೀ 5 ಮಿಲಿಮೀಟರ್. ಕೈ ನಡೆದ ದಾರಿ ತಿರುಪು ಇಳಿದ ದಾರಿಗಿಂತ 188 ಪಟ್ಟು ಹೆಚ್ಚು. ಅಷ್ಟೇ ಪಟ್ಟು ಬಲ ಕೆಳಗೆ ಸಿಗಬೇಕು. ಐದು ಕಿಲೋ ಎತ್ತುವಷ್ಟು ಬಲ ಹಾಕಿದರೆ ಕೆಳಗೆ 940 ಕಿಲೋ! ಆದರೆ ತಿಕ್ಕಾಟ ಎಂಬ ದಲ್ಲಾಳಿ ನಡುವೆ ಕೂತಿದ್ದಾನೆ. ನಾಲ್ಕರಲ್ಲಿ ಮೂರು ಪಾಲು ಅವನ ಬಾಯಿಗೆ ಹೋಯಿತೆಂದರೂ ಇನ್ನೂರು ಕಿಲೋ ಮೀರಿ ಉಳಿಯುತ್ತದೆ. ಅಂದರೆ ಮೂರು ಗಂಡಸರ ತೂಕ. ಹಿಂದೆ ಮರದ ಒರಳಿದ್ದ ಕಾಲದಲ್ಲಿ ಸನ್ನೆಯ ಮೇಲೆ ಗಂಡಸರೋ ಮಕ್ಕಳೋ ಏರಿ ಕೂರಬೇಕಿತ್ತಂತೆ. ಶ್ಯಾವಿಗೆ ಮಾಡಬೇಕೆಂದರೆ ಮನೆಯ ಗಂಡಸರ ಪುರುಸೊತ್ತು ಕೇಳಬೇಕಿತ್ತು. ಉದ್ದ ತಿರುಪು ಬಂದ ಮೇಲೆ ಒಬ್ಬಳೇ ಹೆಂಗಸು ಯಾರನ್ನೂ ಕೇಳದೆ ಶ್ಯಾವಿಗೆ ಒತ್ತಿದಳು. ಈ ಬಿಡುಗಡೆಗೆ ಯಾರೂ ಸಭೆ ಮಾಡಲಿಲ್ಲ, ಹಾರ ಹಾಕಲಿಲ್ಲ.

ಒತ್ತುವ ತಿರುಪು ಮಾಡಿದ ದೊಡ್ಡ ಕೆಲಸಗಳಲ್ಲಿ ಪುಸ್ತಕ ಅಚ್ಚು ಹಾಕಿದ್ದೂ ಒಂದು. ಯೂರೋಪಿನಲ್ಲಿ ದ್ರಾಕ್ಷಿ ಹಿಂಡುತ್ತಿದ್ದ ತಿರುಪಿನ ಯಂತ್ರವೇ ಹದಿನೈದನೆಯ ಶತಮಾನದಲ್ಲಿ ಕಾಗದದ ಮೇಲೆ ಅಕ್ಷರ ಒತ್ತುವ ಯಂತ್ರವಾಯಿತು. ಭಾರತಕ್ಕೆ ಮೊದಲ ಮುದ್ರಣ ಯಂತ್ರ ಬಂದಿಳಿದದ್ದು 1556ರಲ್ಲಿ, ನಮ್ಮ ಕಾರವಾರದ ಪಕ್ಕದ ಗೋವೆಗೆ. ಅಕ್ಷರ ಒತ್ತಲಿ, ಅಕ್ಕಿಹಿಟ್ಟು ಒತ್ತಲಿ, ತಿರುಪಿನ ತತ್ವ ಒಂದೇ.

ಇಷ್ಟೆಲ್ಲ ನಾನು ತಲೆಗೆ ಹಚ್ಚಿಕೊಂಡದ್ದು ನಮ್ಮ ಪಕ್ಕದ ಮನೆಯ ವೈನಿಯ ದೆಸೆಯಿಂದ. ಅವರ ತವರು ಅಂಕೋಲೆ ಕಾರವಾರಗಳ ನಡುವಿನ ಒಂದು ಕಡಲದಂಡೆಯ ಹಳ್ಳಿ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರಲ್ಲ, ಆ ಯೋಜನೆಗೆ ಮನೆ, ಗದ್ದೆ, ತೆಂಗು ಬಿಟ್ಟುಕೊಟ್ಟು ಎದ್ದುಬಂದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಗಂಡ ತೀರಿಕೊಂಡ ಮೇಲೆ ಅವರ ಕೈಗೆ ಉಳಿದದ್ದು ಒಂದು ವಿದ್ಯೆ, ಶ್ಯಾವಿಗೆ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಕಾಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ ಬಿಸಿ ಆರುವ ಮೊದಲೇ ಒತ್ತಬೇಕು. ಆರಿದರೆ ಉಂಡೆ ಕಲ್ಲಾಗುತ್ತದೆ, ತಿರುಪು ಅಲ್ಲಾಡುವುದಿಲ್ಲ. ಅವರು ಒತ್ತಿದ ಶ್ಯಾವಿಗೆ ಮಲ್ಲಿಗೆಯ ದಂಡೆಯ ಹಾಗೆ ಬೆಳ್ಳಗೆ ಬೀಳುತ್ತಿತ್ತು. ಬೆಲ್ಲದ ಕಾಯಿಹಾಲಿನಲ್ಲಿ ಹಾಕಿದರೆ ಎಳೆ ಬಿಟ್ಟುಕೊಂಡು ತೇಲುತ್ತಿತ್ತು. ಬಂಡಿಹಬ್ಬ ಬಂತೆಂದರೆ ಅಂಕೋಲೆಯ ಹತ್ತಾರು ಮನೆಗಳಿಂದ ಅವರಿಗೆ ಕರೆ.

ಹಳೆಯ ಒರಳು ಸವೆದದ್ದರಿಂದ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಹೊಸದೊಂದನ್ನು ತಂದರು. ಎಂಥ ಒರಳು! ಕಾಲಿನಿಂದ ಹಿಡಿಯವರೆಗೆ ಕನ್ನಡಿ. ತಿರುಪಂತೂ ಬೆಳ್ಳಿಯ ಕೋಲಿನ ಹಾಗೆ ಥಳಥಳ. ಓಣಿಯವರೆಲ್ಲ ನೋಡಿ ಬಂದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಳ್ಳಿಯ ಮೈ ಸಿಪ್ಪೆ ಏಳತೊಡಗಿತು. ಬಿಸಿಲಿಗೆ ಸುಟ್ಟ ಚರ್ಮ ಕಿತ್ತುಬರುವಂತೆ ಸಣ್ಣ ಸಣ್ಣ ಹಕ್ಕಳೆ. ಅದರ ಕೆಳಗೆ ಕೆಂಪು ತುಕ್ಕು. ಎಣ್ಣೆ ಹಚ್ಚಿ ತಿರುಗಿಸಿದರೆ ಕಪ್ಪು ಕೀಲೆಣ್ಣೆಯಂಥದು ಇಳಿದು ಹಿಟ್ಟಿಗೆ ತಾಗುತ್ತಿತ್ತು. ಬಂಡಿಹಬ್ಬದ ಮುನ್ನಾದಿನ ಒಂದು ಮನೆಯವರು ಶ್ಯಾವಿಗೆಯ ತಟ್ಟೆಯನ್ನು ಹಾಗೆಯೇ ಮರಳಿ ಕಳಿಸಿದರು. ಬಿಳಿಯ ಎಳೆಗಳ ನಡುವೆ ಮೂರು ಕಪ್ಪು ಚುಕ್ಕೆ.

‘ಅಕ್ಕೋರೆ, ಮೂರೇ ಚುಕ್ಕೆ. ಆದ್ರೆ ಅವ್ರು ಹೇಳಿದ್ದು ಖರೆ. ಮಕ್ಕಳು ತಿನ್ನೋ ವಸ್ತು’ ಎಂದು ವೈನಿ ನನ್ನ ಎದುರು ಕೂತರು. ಒರಳು ಕೊಟ್ಟ ಅಂಗಡಿಯವರು, ‘ಸಮುದ್ರದ ಗಾಳಿಗೆ ನಾವೇನು ಮಾಡೋಣ?’ ಎಂದು ಕೈ ತೊಳೆದುಕೊಂಡಿದ್ದರು. ಸಾಲದ ಕಂತು ಇನ್ನೂ ಹತ್ತು ತಿಂಗಳದ್ದು ಬಾಕಿ. ವೈನಿ ಆರ್ಡರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ಸಮುದ್ರದ ಗಾಳಿಯ ಮಾತು ಸುಳ್ಳಲ್ಲ. 1930ರಲ್ಲಿ ಉಪ್ಪಿನ ಕಾಯ್ದೆ ಮುರಿದು ಹೆಸರಾದ ಊರು ನಮ್ಮದು. ಉಪ್ಪೆಂದರೆ ಅಂಕೋಲೆಯವರಿಗೆ ಅಭಿಮಾನ. ಕಬ್ಬಿಣಕ್ಕೆ ಮಾತ್ರ ಅದೇ ಉಪ್ಪು ಯಮ. ಅಲೆ ಒಡೆದಾಗ ಏಳುವ ತುಂತುರಿನಲ್ಲಿ ಕಣ್ಣಿಗೆ ಕಾಣದ ಉಪ್ಪು ತೇಲಿಬಂದು ಕಿಟಕಿಯ ಸರಳು, ಬಾಗಿಲ ಕೀಲು, ಗೋದ್ರೇಜ್ ಕಪಾಟು ಎಲ್ಲದರ ಮೇಲೂ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಕಾರವಾರದಂಥ ಕಡೆ ತೇವಕ್ಕೇನು ಬರ? ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಬಾಳುವ ತಿರುಪು ಇಲ್ಲಿ ಎರಡೇ ವರ್ಷಕ್ಕೆ ಬಾಯಿ ಬಿಟ್ಟರೆ ಆಶ್ಚರ್ಯವಿಲ್ಲ. ಹಾಗೆಂದು ಸಮುದ್ರವನ್ನು ದೂರುವುದೂ ಸರಿಯಲ್ಲ. ಅದು ಇಲ್ಲಿ ಮೊದಲಿನಿಂದ ಇದೆ. ಒರಳು ಆಮೇಲೆ ಬಂದದ್ದು.

ನನ್ನ ಕೈಯಲ್ಲಿ ಮೂರನೆಯ ಇಯತ್ತೆ ಕಲಿತ ಹುಡುಗನೊಬ್ಬ ಐಟಿಐ ಓದಿ ಟರ್ನರ್ ಆಗಿದ್ದಾನೆ. ಕೆಲಕಾಲ ಹಡಗು ರಿಪೇರಿಯ ಗುತ್ತಿಗೆದಾರರ ಬಳಿ ದುಡಿದು, ಈಗ ಕಾರವಾರದಲ್ಲಿ ಸ್ವಂತ ಲೇತು ಹಾಕಿದ್ದಾನೆ. ತಿರುಪನ್ನು ಬಿಚ್ಚಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ನೌಕಾನೆಲೆಯ ಉದ್ದನೆಯ ಗೋಡೆ ಬಂದಾಗ ವೈನಿ ಎಂದಿನಂತೆ ಮುಖ ಆಚೆ ತಿರುಗಿಸಿ ಕೂತರು. ಮಡಿಲಲ್ಲಿ ಮಗುವಿನ ಹಾಗೆ ತಿರುಪು.

ಹುಡುಗ ಅದನ್ನು ಬೆಳಕಿಗೆ ಹಿಡಿದು, ಹಲ್ಲಿನ ಬುಡಕ್ಕೆ ಉಗುರು ಹಾಕಿ ನೋಡಿದ. ‘ಅಕ್ಕೋರೆ, ಇದು ಕ್ರೋಮ್ ಹಾಕಿದ ಸಾದಾ ಕಬ್ಬಿಣ’ ಎಂದ. ಆಮೇಲೆ ಅವನು ಹೇಳಿದ ಪಾಠವನ್ನು ಶಾಲೆಯಲ್ಲಿ ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಹೊಳಪಿಗೆಂದು ಹಾಕುವ ಕ್ರೋಮ್ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಅದರ ಕೆಳಗೊಂದು ನಿಕ್ಕಲ್ ಪದರ, ಅದೂ ಕೂದಲಿಗಿಂತ ತೆಳು. ಕನ್ನಡಿಯ ಚೌಕಟ್ಟಿಗೆ, ನಲ್ಲಿಯ ತಲೆಗೆ ಅದು ಸಾಕು. ಆದರೆ ತಿರುಪು ದಿನವೂ ನಟ್ಟಿನೊಳಗೆ ತಿಕ್ಕಿಸಿಕೊಳ್ಳುವ ವಸ್ತು. ಅದೂ ಅಲ್ಲದೆ, ಈ ಲೇಪವನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ತು ಹರಿಸಿ ಹಾಕುತ್ತಾರೆ. ವಿದ್ಯುತ್ತು ಹಲ್ಲಿನ ತುದಿಗೆ ಸುಲಭವಾಗಿ ಹೋಗುತ್ತದೆ, ಬುಡದ ಸಂದಿಗೆ ಹೋಗುವುದಿಲ್ಲ. ತುದಿಯಲ್ಲಿ ದಪ್ಪ, ಬುಡದಲ್ಲಿ ತೆಳು. ಉಪ್ಪುನೀರು ನಿಲ್ಲುವುದು ಬುಡದಲ್ಲೇ. ಅಲ್ಲಿ ತುಕ್ಕು ಹುಟ್ಟಿ ಲೇಪದ ಅಡಿಯಲ್ಲೇ ಹರಡಿ ಅದನ್ನು ಮೇಲಕ್ಕೆ ಎಬ್ಬಿಸುತ್ತದೆ.

‘ಹಾಗಾದ್ರೆ ಮಾಡಿನ ತಗಡಿಗೆ ಹಾಕ್ತಾರಲ್ಲ, ಸತು ಹಚ್ಚಿದ ಬೋಲ್ಟು, ಹಾಗೆ ಮಾಡಿಸ್ಲಾ?’ ವೈನಿ ಕೇಳಿದರು. ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದದ್ದು 50 ಮೈಕ್ರಾನಿಗೂ ಮೀರಿ ದಪ್ಪ ಕೂರುತ್ತದೆ, ಮಾಡಿಗೆ ಅದೇ ಸರಿ. ನೋಡಲು ಮಂಕಾಗಿ, ಉರುಟುರುಟಾಗಿ ಇರುತ್ತದೆ. ಹೊಳೆಯುವ ಸತುವಿನ ಬೋಲ್ಟಿಗಿಂತ ಹಲವು ಪಟ್ಟು ಬಾಳುತ್ತದೆ. ಆದರೆ ಆ ಒರಟು ಮೈ ಒತ್ತುವ ತಿರುಪಿಗೆ ಆಗದು. ಹುಳಿ ತಾಗಿದರೆ ಸತು ಕರಗುತ್ತದೆ, ಅಡುಗೆಗಂತೂ ಬೇಡವೇ ಬೇಡ. ಹುಡುಗ ತಲೆಯಾಡಿಸಿ, ‘ಬೇಡ ವೈನಿ. ಹಚ್ಚಿದ್ದು ಎಂದಿದ್ರೂ ಹೋಗೋದೇ. ಮೈಯೇ ಗಟ್ಟಿ ಇರೋ ಸಳಿ ತಗೊಳ್ಳೋಣ’ ಎಂದ.

ಮೈಯೇ ಗಟ್ಟಿ ಇರುವುದೆಂದರೆ ಸ್ಟೇನ್‌ಲೆಸ್ ಸ್ಟೀಲು. ಅದರಲ್ಲಿ 304 ಎಂಬ ಜಾತಿಗೆ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಬೆರೆಸಿರುತ್ತಾರೆ. ಒಳಗಿನ ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯೊಂದನ್ನು ತಾನೇ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಪೊರೆ ಮತ್ತೆ ಕೂಡುತ್ತದೆ, ನಮ್ಮ ಚರ್ಮದ ಹಾಗೆ. 316 ಎಂಬ ಇನ್ನೊಂದು ಜಾತಿಯಿದೆ. ಎರಡು ಮೂರು ಪಾಲು ಮಾಲಿಬ್ಡಿನಂ ಸೇರಿಸಿರುವುದರಿಂದ ಉಪ್ಪಿಗೆ ಇನ್ನೂ ಗಟ್ಟಿ, ಹಡಗಿನ ಕೆಲಸಕ್ಕೆ ಬಳಸುವಂಥದು. ಅದರ ಬೆಲೆ ವೈನಿಯ ಸೆರಗಿನ ಗಂಟಿಗೆ ನಿಲುಕಲಿಲ್ಲ. ಮನೆಯೊಳಗೆ ತೊಳೆದು ಒರೆಸಿ ಇಡುವುದಕ್ಕೆ 304 ಸಾಕೆಂದಾಯಿತು.

ಇನ್ನು ಹಲ್ಲು ಮಾಡುವ ವಿಚಾರ. ಕಾರ್ಖಾನೆಗಳಲ್ಲಿ ಬೋಲ್ಟುಗಳನ್ನು ಲಕ್ಷಗಟ್ಟಲೆ ಮಾಡುವಾಗ ಸಳಿಯನ್ನು ಎರಡು ಹಲ್ಲುಅಚ್ಚುಗಳ ನಡುವೆ ಹೊಸೆಯುತ್ತಾರೆ. ಲೋಹ ಒಂದಿಷ್ಟೂ ಹೋಗುವುದಿಲ್ಲ. ಒತ್ತಿದಲ್ಲಿ ತಗ್ಗಿ, ಪಕ್ಕದಲ್ಲಿ ಉಬ್ಬಿ ಹಲ್ಲಾಗುತ್ತದೆ. ಹಿಟ್ಟನ್ನು ನಾದಿ ಹೊಸೆದ ಹಾಗೆ. ಎಳೆ ಕಡಿಯದ ಕಾರಣ ಗಟ್ಟಿ, ಅಚ್ಚಿನ ಒತ್ತಡಕ್ಕೆ ಮೈಯೂ ನುಣುಪು. ಒಂದೇ ಒಂದು ಚೌಕ ಹಲ್ಲಿನ ತಿರುಪು ಬೇಕೆಂದರೆ ಯಾರು ಅಚ್ಚು ಮಾಡಿಸುತ್ತಾರೆ? ಅದನ್ನು ಲೇತಿನಲ್ಲಿ ಕೊರೆಯಬೇಕು.

ಲೇತಿನ ಮುಂಭಾಗದಲ್ಲಿ ಉದ್ದಕ್ಕೆ ಒಂದು ತಿರುಪು ಮಲಗಿರುತ್ತದೆ, ಗಮನಿಸಿದ್ದೀರಾ? ಲೀಡ್ ಸ್ಕ್ರೂ ಎನ್ನುತ್ತಾರೆ. ಅದು ತಿರುಗಿದಂತೆ ಕೊರೆಯುವ ಉಳಿ ಅಳತೆ ತಪ್ಪದೆ ಮುಂದೆ ಸರಿಯುತ್ತದೆ. ಉಳಿಯ ಎದುರು ಸಳಿ ಗಿರ್ರನೆ ತಿರುಗುತ್ತಿರುತ್ತದೆ. ನಡುವೆ ಹಲ್ಲುಚಕ್ರಗಳು. ಚಕ್ರ ಬದಲಿಸಿದರೆ ಹಲ್ಲಿನ ಅಂತರ ಬದಲು. ಅಂದರೆ ತಿರುಪಿನಿಂದಲೇ ತಿರುಪು ಹುಟ್ಟಬೇಕು. ತಾಯಿ ತಿರುಪಿನಲ್ಲಿ ಎಲ್ಲಿ ಸವೆತವಿದೆಯೋ ಮಗಳ ಮೈಯಲ್ಲೂ ಅಲ್ಲೇ ಸೊಟ್ಟ. ಲೇತಿನವರು ಈ ಹಲ್ಲಿನ ಸುರುಳಿಗೆ ಥ್ರೆಡ್ ಎನ್ನುತ್ತಾರೆ, ಅಂದರೆ ದಾರ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಲೇತನ್ನು ನೋಡದೆಯೇ ಹೇಳಿಬಿಟ್ಟಿದ್ದಾರೆ! ಇಂಥ ಲೇತನ್ನು ಸುಮಾರು 1800ರ ಹೊತ್ತಿಗೆ ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆ ಎಂಬಾತ ಹದಕ್ಕೆ ತಂದ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರೂ ಒಂದೇ ಅಳತೆಯ ಹಲ್ಲು ಕೊರೆಯೋಣ ಎಂಬ ಪದ್ಧತಿ ಮುಂದಿಟ್ಟ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲವಂತೆ, ಅಕ್ಕನ ರವಿಕೆ ತಂಗಿಗೆ ಆಗದ ಹಾಗೆ.

ಉದ್ದ ತಿರುಪಿಗೆ ಇನ್ನೊಂದು ಕಷ್ಟ. ಗಿಡ್ಡ ಸಳಿ ಉಳಿಗೆ ಎದೆಕೊಟ್ಟು ನಿಲ್ಲುತ್ತದೆ. ಉದ್ದದ್ದು ನಡುವಿನಲ್ಲಿ ಬಳುಕಿ ಹಿಂದೆ ಸರಿಯುತ್ತದೆ. ಅಲ್ಲಿ ಉಳಿ ಕಡಿಮೆ ಕೊರೆದು, ತಿರುಪಿಗೆ ನಡುವಿನಲ್ಲಿ ಹೊಟ್ಟೆ ಬರುತ್ತದೆ. ಶ್ಯಾವಿಗೆ ಅರ್ಧ ಒತ್ತುವಷ್ಟರಲ್ಲಿ ಒರಳು ಬಿಗಿಯಾಗುವುದು ನಿಮಗೂ ಗೊತ್ತಿರಬಹುದು. ಹಿಟ್ಟು ಗಟ್ಟಿಯಾಯಿತು ಎಂದು ನಾವು ಹಿಟ್ಟನ್ನೇ ಬೈಯುತ್ತೇವೆ. ಎಷ್ಟೋ ಸಲ ಅಪರಾಧಿ ತಿರುಪಿನ ಹೊಟ್ಟೆ. ಅದಕ್ಕೆ ನಡುವಿನಲ್ಲಿ ಸ್ಟೆಡಿ ಎಂಬ ಆಸರೆ ಕೊಟ್ಟು, ಒಂದೇ ಸಲಕ್ಕೆ ಆಳಕ್ಕೆ ಹೋಗದೆ, ಮತ್ತೆ ಮತ್ತೆ ತೆಳ್ಳಗೆ ಕೊರೆಯಬೇಕು. ಸ್ಟೀಲಿನದಂತೂ ವಿಚಿತ್ರ ಸ್ವಭಾವ. ಉಳಿ ಸುಮ್ಮನೆ ಉಜ್ಜಿದರೆ ಮೈ ಇನ್ನೂ ಗಡುಸಾಗಿಬಿಡುತ್ತದೆ. ನಿಧಾನವಾಗಿ, ತಂಪು ಎರೆಯುತ್ತ, ಹರಿತದ ಉಳಿಯಲ್ಲಿ ಕೊರೆಯಬೇಕು. ಹುಡುಗ ಒಂದು ತಿರುಪಿಗೆ ಒಂದು ಇಡೀ ದಿನ ತೆಗೆದುಕೊಂಡ.

ನಟ್ಟನ್ನೂ ಸ್ಟೀಲಿನಲ್ಲೇ ಮಾಡು ಎಂದು ವೈನಿ ಹೇಳಿದ್ದಕ್ಕೆ ಅವನು ನಕ್ಕ. ಸ್ಟೀಲಿಗೆ ಸ್ಟೀಲು ಒತ್ತಿ ತಿಕ್ಕಿದರೆ ಒಂದನ್ನೊಂದು ಕಚ್ಚಿ ಹಿಡಿದುಬಿಡುತ್ತದೆಯಂತೆ. ಆಮೇಲೆ ಗರಗಸ ತಂದೇ ಬಿಡಿಸಬೇಕು. ‘ಅತ್ತೆ ಸೊಸೆ ಇಬ್ರೂ ಗಟ್ಟಿ ಇದ್ದ ಹಾಗೆ, ಅಕ್ಕೋರೆ’ ಎಂದ. ‘ಅಣ್ಣ ತಮ್ಮ ಅನ್ನಬಾರದೇನೋ?’ ಎಂದೆ. ಕಿವಿ ಕೆಂಪಾಯಿತು ಪಾಪ. ಕಂಚಿನ ಜಾತಿಯ, ಗನ್‌ಮೆಟಲ್ ಎಂಬ ಲೋಹದಲ್ಲಿ ನಟ್ಟು ಮಾಡಿದ. ಅದು ಮೆತ್ತಗೆ, ಸವೆದರೆ ನಟ್ಟು ಸವೆಯುತ್ತದೆ, ತಿರುಪು ಉಳಿಯುತ್ತದೆ. ನಟ್ಟು ಬದಲಿಸುವುದು ಸುಲಭ. ಸವೆದ ಪುಡಿ ಹಿಟ್ಟಿಗೆ ಬೀಳದಂತೆ ಒತ್ತುಬಿಲ್ಲೆಯ ಮೇಲೆ, ಅಂಚು ಎತ್ತಿದ ಸಣ್ಣ ತಟ್ಟೆಯೊಂದನ್ನು ಕೂರಿಸಿಕೊಟ್ಟ. ಇದು ಯಾವ ಅಂಗಡಿಯ ಒರಳಿನಲ್ಲೂ ನಾನು ನೋಡಿರದ ಉಪಕಾರ.

ಕೊರೆದ ತಿರುಪು ನೋಡಲು ಮಂಕು. ಎಮರಿ ಕಾಗದದಿಂದ ಉಜ್ಜಿದ ಮೇಲೂ ಬೆಳ್ಳಿಯ ಥಳಥಳ ಬರಲಿಲ್ಲ. ವೈನಿಗೆ ಮನಸ್ಸಿನೊಳಗೇ ಸಪ್ಪೆ. ಆಗ ಅವನು ಅವರ ಸೀರೆಯನ್ನೇ ಕೇಳಿದ. ತಿರುಪು ಸುತ್ತಿ ತಂದಿದ್ದ ಹಳೆಯ ನೂಲಿನ ಸೀರೆಯ ಅಂಚನ್ನು ಮೊದಲು ಹಳೆಯ ತಿರುಪಿನ ಹಲ್ಲಿನಗುಂಟ ಎಳೆದ. ನಾಲ್ಕು ಕಡೆ ನೂಲು ಸಿಕ್ಕಿ ಪರ್ ಎಂದಿತು. ಹೊಸದರ ಮೇಲೆ ಎಳೆದ. ಎಲ್ಲೂ ಸಿಕ್ಕದೆ ಸೊಯ್ಯನೆ ಜಾರಿತು. ‘ಹೊಳಪು ಬೇರೆ, ನುಣುಪು ಬೇರೆ ವೈನಿ. ಹೊಳಪು ಕಣ್ಣಿಗೆ, ನುಣುಪು ಕೈಗೆ’ ಎಂದ.

ಮನೆಗೆ ಬಂದು ಒತ್ತಿ ನೋಡಿದೆವು. ಮೊದಲು ಎರಡೂ ಕೈ ಹಾಕಿ, ಮೊಳಕಾಲಿನಿಂದ ಕಾಲನ್ನು ಒತ್ತಿಹಿಡಿದು ತಿರುಗಿಸುತ್ತಿದ್ದವರು ಈಗ ಕುಳಿತಲ್ಲಿಂದಲೇ ಸಲೀಸಾಗಿ ತಿರುಗಿಸಿದರು. ಮೇಲೆ ಹೇಳಿದೆನಲ್ಲ ತಿಕ್ಕಾಟದ ದಲ್ಲಾಳಿ, ಅವನ ಪಾಲು ಇಳಿದಿತ್ತು. ಅರವತ್ತು ದಾಟಿದ ಮಣಿಕಟ್ಟಿಗೆ ಅದೇನು ಸಣ್ಣ ಮಾತಲ್ಲ. ತಟ್ಟೆಯಲ್ಲಿ ಬಿದ್ದ ಶ್ಯಾವಿಗೆಯನ್ನು ಕಿಟಕಿಯ ಬಳಿ ಒಯ್ದು, ಕನ್ನಡಕ ಹಾಕಿ, ಎಳೆ ಎಳೆಯನ್ನೂ ನೋಡಿದರು. ಒಂದು ಚುಕ್ಕೆಯೂ ಇರಲಿಲ್ಲ.

ಹೋದ ಗಿರಾಕಿಗಳೆಲ್ಲ ಮರಳಿ ಬಂದರೆಂದು ಹೇಳಿದರೆ ಸುಳ್ಳಾದೀತು. ತಟ್ಟೆ ವಾಪಸು ಕಳಿಸಿದ ಮನೆಯವರು ಇಂದಿಗೂ ಪೊಟ್ಟಣದ ಶ್ಯಾವಿಗೆ ತರುತ್ತಾರೆ. ಉಳಿದವರಲ್ಲಿ ಅರ್ಧ ಮಂದಿ ಚೌತಿಯ ಹೊತ್ತಿಗೆ ಬಂದರು, ದೀಪಾವಳಿಗೆ ಇನ್ನು ಕೆಲವರು. ಸಾಲದ ಕಂತು ತಪ್ಪಲಿಲ್ಲ ಎಂಬುದೇ ದೊಡ್ಡ ಸಮಾಧಾನ.

ನೀವು ಒರಳು ಕೊಳ್ಳಲು ಹೋದಾಗ ದಯವಿಟ್ಟು ತಿರುಪನ್ನು ಪೂರ್ತಿ ಬಿಚ್ಚಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹಲ್ಲಿನ ಬುಡಕ್ಕೆ ಉಗುರು ಹಾಕಿ, ಸೆರಗಿನ ಅಂಚು ಎಳೆದು ನೋಡಿ. ಮೇಲಿನಿಂದ ಕೆಳಗಿನವರೆಗೆ ತಿರುಗಿಸಿ ನಡುವೆ ಬಿಗಿಯಾಗುತ್ತದೆಯೇ ಎಂದು ನೋಡಿ. ಅಯಸ್ಕಾಂತ ಹಿಡಿದು ಸ್ಟೀಲಿನ ಜಾತಿ ಹೇಳುತ್ತೇನೆ ಎಂದರೆ ನಂಬಬೇಡಿ. ಅಗ್ಗದ ಸ್ಟೀಲಿನಲ್ಲೂ ಅಯಸ್ಕಾಂತಕ್ಕೆ ಅಂಟದ್ದು ಇದೆ. ಗ್ರೀಸು ಹಚ್ಚಬೇಡಿ, ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಣಗಿಸಿ ಇಡಿ. ನಮ್ಮ ಕಡಲ ಗಾಳಿಯಲ್ಲಿ 304 ಸ್ಟೀಲಿಗೂ ಕಂದು ಕಲೆ ಬರುತ್ತದೆ. ಒರೆಸುವ ಕೈ ಬೇಕೇ ಬೇಕು.

ಮೊನ್ನೆ ಹೊಸ ಗಿರಾಕಿಯೊಬ್ಬರು ಬಂದು, ‘ಇಷ್ಟು ಮಂಕು ಒರಳಿನಲ್ಲಿ ಒತ್ತಿದ ಶ್ಯಾವಿಗೆಗೆ ಇಷ್ಟು ರೇಟೇ?’ ಎಂದು ಕೇಳಿದರಂತೆ. ವೈನಿ ಹತ್ತು ರೂಪಾಯಿ ಹೆಚ್ಚಿಗೇ ಹೇಳಿದರಂತೆ.